ಹೆದರಿಸಿದರೆ ಮಗಳು ಮಾಸ್ಕ್ ಹಾಕ್ತಾಳಾ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಕೊರೊನಾ ಬಂದ ವರ್ಷ ದೊಡ್ಡ ಮಗ ಎಸ್ಸೆಸ್ಸೆಲ್ಸಿಯಲ್ಲಿದ್ದ. ಪರೀಕ್ಷೆ ಕೋಣೆಯಲ್ಲಿ ಒಂದು ಸಲವೂ ಮಾಸ್ಕ್ ತೆಗೆಯಲಿಲ್ಲವಂತೆ. ಆದರೆ ಊರಲ್ಲಿ ಗೆಳೆಯರ ಜೊತೆ ಸೇರಿದರೆ ಮಾಸ್ಕೂ ಇಲ್ಲ, ಅಂತರವೂ ಇಲ್ಲ. ದಿನಾ ಜಗಳ. ಈಗ ಮಗಳು ಹಾಸನದಲ್ಲಿ ಮೊದಲ ಪಿಯುಸಿ ಓದುತ್ತಿದ್ದಾಳೆ, ಹಾಸ್ಟೆಲ್‌ನಲ್ಲಿದ್ದಾಳೆ. ಶನಿವಾರ ಮನೆಗೆ ಬರುತ್ತಾಳೆ. ಹಾಸ್ಟೆಲ್‌ನಲ್ಲಿ ಜ್ವರ, ಕೆಮ್ಮು ಹರಡಿದೆ. ಮನೆಯಲ್ಲಿ ಅತ್ತೆಗೆ 78 ವರ್ಷ, ಉಬ್ಬಸ ಇದೆ. ಬಸ್ಸಲ್ಲಿ ಮಾಸ್ಕ್ ಹಾಕಮ್ಮ ಅಂದರೆ ‘ಯಾರೂ ಹಾಕಲ್ಲ, ನಾನೊಬ್ಬಳೇ ಹಾಕಿದ್ರೆ ನಗ್ತಾರೆ’ ಅನ್ನುತ್ತಾಳೆ. ಲಸಿಕೆ ಅಂದರೆ ಹಾರ್ಟ್ ಅಟ್ಯಾಕ್ ರೀಲ್ಸ್ ತೋರಿಸುತ್ತಾಳೆ. ನಾಳೆ ಕೊರೊನಾದಂಥದ್ದೇ ಇನ್ನೊಂದು ಬಂದರೆ ಏನು ಮಾಡೋದು? ಈ ವಯಸ್ಸಿನ ಮಕ್ಕಳು ಯಾವುದಕ್ಕೆ ಮಾತು ಕೇಳುತ್ತಾರೆ? ಹೆದರಿಸಬೇಕಾ, ಬುದ್ಧಿ ಹೇಳಬೇಕಾ, ಅವರಿಷ್ಟಕ್ಕೆ ಬಿಡಬೇಕಾ?

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ ನೋಡಿ. ಅದೇ ಹುಡುಗ, ಅದೇ ಮಾಸ್ಕ್, ಅದೇ ಕಾಯಿಲೆ. ಪರೀಕ್ಷೆ ಕೋಣೆಯಲ್ಲಿ ಮೂರು ಗಂಟೆ ಮಾಸ್ಕ್ ತೆಗೆಯದೆ ಕೂತವನು ಊರಿನ ಕಟ್ಟೆ ಮೇಲೆ ಐದು ನಿಮಿಷ ಹಾಕಲಿಲ್ಲ. ಅವನಿಗೆ ತಿಳಿವಳಿಕೆ ಇರಲಿಲ್ಲ ಅನ್ನೋಣ ಅಂದರೆ, ಇತ್ತು. ಹೇಳಿದ್ದು ಕೇಳುವ ಗುಣ ಇರಲಿಲ್ಲ ಅನ್ನೋಣ ಅಂದರೆ, ಅದೂ ಇತ್ತು. ಬದಲಾಗಿದ್ದು ಜಾಗ, ಮತ್ತೆ ಅಕ್ಕಪಕ್ಕ ಇದ್ದವರು.

ಆ ಪರೀಕ್ಷೆಯನ್ನು ಸ್ವಲ್ಪ ನೆನಪಿಸಿಕೊಳ್ಳಿ. 2020ರ ಜೂನ್ 25ರಿಂದ ಜುಲೈ ಮೊದಲ ವಾರದವರೆಗೆ ನಡೆಯಿತು. ರಾಜ್ಯದಲ್ಲಿ 8 ಲಕ್ಷಕ್ಕೂ ಜಾಸ್ತಿ ಮಕ್ಕಳು ಬರೆದರು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಮೇ ತಿಂಗಳವರೆಗೆ ಹಸಿರು ವಲಯದಲ್ಲಿದ್ದವು, ಅಂದರೆ ಕೊರೊನಾ ಇಲ್ಲದ ಜಿಲ್ಲೆಗಳ ಪಟ್ಟಿಯಲ್ಲಿ. ಕೊರೊನಾ ಆಗ ತಾನೇ ನಮ್ಮ ಊರುಗಳಿಗೆ ಕಾಲಿಟ್ಟಿತ್ತು. ಈ ಮಕ್ಕಳನ್ನು ಹಿಡಿಯೋಕೆ ಆಗುತ್ತಾ ಅಂತ ಹೆತ್ತವರು, ಮೇಷ್ಟ್ರುಗಳು ಎಲ್ಲರೂ ಹೆದರಿದ್ದರು. ಆದರೆ ಮಕ್ಕಳು ಸಾಲಾಗಿ ನಿಂತರು, ಜ್ವರ ನೋಡಿಸಿಕೊಂಡರು, ಕೈಗೆ ಸ್ಯಾನಿಟೈಸರ್ ಹಾಕಿಸಿಕೊಂಡರು, ದೂರ ದೂರ ಕೂತು ಬರೆದರು. ದೊಡ್ಡವರೇ ಪಾಲಿಸದಿದ್ದ ನಿಯಮವನ್ನು ಹದಿನಾರು ವರ್ಷದವರು ಪಾಲಿಸಿದರು.

ಯಾಕೆ? ಎದುರಿಗಿದ್ದವರೆಲ್ಲ ಮಾಸ್ಕ್ ಹಾಕಿದ್ದರು. ಮಾಸ್ಕ್ ಇಲ್ಲದೆ ಬಂದವನಿಗೆ ಅಲ್ಲೇ ಮಾಸ್ಕ್ ಸಿಗುತ್ತಿತ್ತು. ಏನು ಮಾಡಬೇಕು, ಎಷ್ಟು ಹೊತ್ತು ಮಾಡಬೇಕು ಅನ್ನೋದು ಸ್ಪಷ್ಟವಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಆ ಪರೀಕ್ಷೆ ಅವರದು, ಅದು ನಿಲ್ಲಬಾರದು ಅನ್ನೋ ಆಸೆ ಅವರದು. ಕೊನೇ ದಿನ ಗೇಟು ದಾಟಿದ ಮೇಲೆ ಅದೇ ಮಕ್ಕಳು ಹೆಗಲಿಗೆ ಕೈ ಹಾಕಿಕೊಂಡು ಹೋದರು. ಅಲ್ಲಿ ಇದ್ಯಾವುದೂ ಇರಲಿಲ್ಲ.

ಹಾಗಾಗಿ ಹೆದರಿಸಬೇಕಾ ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಬೇಡ ಅಂತಲೇ. ಬಿಟ್ಟುಬಿಡೋದೂ ಬೇಡ. ಈ ವಯಸ್ಸಿನವರನ್ನು ಎಳೆದು ತರುವುದು ತಮ್ಮ ಪ್ರಾಣದ ಭಯ ಅಲ್ಲ. ತಮಗೆ ಬೇಕಾದವರ ಮೇಲಿನ ಪ್ರೀತಿ, ಗೆಳೆಯರ ಕಣ್ಣು, ಮನೆಯ ದೊಡ್ಡವರ ನಡತೆ, ಮತ್ತೆ ಆ ನಿಯಮ ಮಾಡುವಾಗ ತಮ್ಮನ್ನೂ ಒಂದು ಮಾತು ಕೇಳಿದ್ದಾರೆ ಅನ್ನುವ ಮರ್ಯಾದೆ. ಇವುಗಳಲ್ಲಿ ಕೆಲವು ನಿಮ್ಮ ಕೈಯಲ್ಲಿವೆ.

ಮೊದಲು ಭಯದ ವಿಷಯ. ಕೊರೊನಾ ಹದಿಹರೆಯದವರಿಗೆ ವಯಸ್ಸಾದವರಿಗಿಂತ ತುಂಬಾ ಕಡಿಮೆ ತೊಂದರೆ ಕೊಡುತ್ತಿತ್ತು. ಅದು ಮಕ್ಕಳಿಗೂ ಗೊತ್ತಿತ್ತು. ‘ಹೊರಗೆ ಹೋದರೆ ಸತ್ತುಹೋಗ್ತೀಯ’ ಅಂದಾಗ ಮಗ ಪಕ್ಕದ ಬೀದಿಯ ಗೆಳೆಯನನ್ನು ನೋಡುತ್ತಿದ್ದ. ಅವನಿಗೆ ಬಂದು ನಾಲ್ಕು ದಿನದಲ್ಲಿ ವಾಸಿಯಾಗಿತ್ತು. ಅಲ್ಲಿಗೆ ನಿಮ್ಮ ಮಾತಿನ ತೂಕ ಹೋಯಿತು. ಆಮೇಲೆ ನೀವು ನಿಜ ಹೇಳಿದರೂ ಅವನ ಕಿವಿಗೆ ಹೋಗುವುದಿಲ್ಲ. ಜೊತೆಗೆ ಭಯ ಬಹಳ ದಿನ ನಿಲ್ಲುವುದೂ ಇಲ್ಲ. ಪಿಡುಗು ತಿಂಗಳುಗಟ್ಟಲೆ ಇರುತ್ತೆ, ಮನಸ್ಸು ಕೆಲವೇ ವಾರಗಳಲ್ಲಿ ಒಗ್ಗಿಹೋಗುತ್ತೆ.

ಇನ್ನು ಕೆಲವು ಮಕ್ಕಳಲ್ಲಿ ಭಯ ಬೇರೆಯೇ ದಾರಿ ಹಿಡಿಯುತ್ತೆ. ಪದೇ ಪದೇ ಕೈ ತೊಳೆಯುವುದು, ನಿದ್ದೆ ಬರದಿರುವುದು, ಉಸಿರು ಕಟ್ಟಿದ ಹಾಗೆ ಆಗುವುದು. ಇಂಥ ಮಕ್ಕಳು ನಮಗೆ ಶಿಸ್ತಿನವರಂತೆ ಕಾಣುತ್ತಾರೆ. ಆದರೆ ಒಳಗೆ ಬಹಳ ನರಳುತ್ತಿರುತ್ತಾರೆ. ನಿಮ್ಮ ಮಗಳಲ್ಲಿ ಹೀಗೇನಾದರೂ ಕಂಡರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಗೆಳೆಯರ ವಿಷಯಕ್ಕೆ ಬರೋಣ. ‘ನಾನೊಬ್ಬಳೇ ಹಾಕಿದ್ರೆ ನಗ್ತಾರೆ’ ಅನ್ನೋ ಮಾತನ್ನು ನೀವು ನೆಪ ಅಂದುಕೊಂಡಿರಬಹುದು. ಅದು ನೆಪ ಅಲ್ಲ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾಳೆ. ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಅವರ ಸಹೋದ್ಯೋಗಿ 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬಂದಾಗ ನಿಲ್ಲಿಸಬೇಕಾ, ಇನ್ನೂ ಸ್ವಲ್ಪ ನುಗ್ಗಬೇಕಾ ಅಂತ ಆಡುವವರೇ ತೀರ್ಮಾನಿಸಬೇಕು. 13ರಿಂದ 16 ವಯಸ್ಸಿನವರು, ಕಾಲೇಜು ವಯಸ್ಸಿನವರು, ದೊಡ್ಡವರು, ಹೀಗೆ ಮೂರು ಗುಂಪು. ಒಬ್ಬೊಬ್ಬರೇ ಆಡಿದಾಗ ಮಕ್ಕಳಿಗೂ ದೊಡ್ಡವರಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಗೆಳೆಯರು ಹಿಂದೆ ನಿಂತು ನೋಡುತ್ತಿದ್ದಾಗ ಮಕ್ಕಳು ಅಪಾಯಕ್ಕೆ ಕೈ ಹಾಕುವುದು ತುಂಬಾ ಜಾಸ್ತಿಯಾಯಿತು. ದೊಡ್ಡವರಲ್ಲಿ ಹೆಚ್ಚುಕಡಿಮೆ ಆಗಲೇ ಇಲ್ಲ.

ಅಂದರೆ ಅಪಾಯ ಅವರಿಗೆ ಅರ್ಥವಾಗುತ್ತೆ. ಆದರೆ ಗೆಳೆಯರು ಎದುರಿಗಿದ್ದಾಗ ಅವರ ಮೆಚ್ಚುಗೆ ಅಪಾಯಕ್ಕಿಂತ ದೊಡ್ಡದಾಗಿ ಕಾಣುತ್ತೆ. ಮಿದುಳಿನಲ್ಲಿ ಖುಷಿ, ಮೆಚ್ಚುಗೆಗೆ ತುಡಿಯುವ ಭಾಗ ಈ ವಯಸ್ಸಿನಲ್ಲಿ ಜೋರಾಗಿ ಕೆಲಸ ಮಾಡುತ್ತೆ. ತಡೆದು ಯೋಚಿಸುವ ಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತೆ. ನಾಲ್ಕು ಸಲ ಬುದ್ಧಿ ಹೇಳಿದರೂ ಬಸ್ ಸ್ಟ್ಯಾಂಡಿನಲ್ಲಿ ಅದು ನಿಲ್ಲದಿರುವುದು ಇದಕ್ಕೇ. ನೀವು ಹೇಳುವಾಗ ಅವಳು ಅಡುಗೆಮನೆಯಲ್ಲಿರುತ್ತಾಳೆ. ಮಾಸ್ಕ್ ಹಾಕಬೇಕಾದ ಹೊತ್ತಿಗೆ ಗೆಳತಿಯರ ನಡುವೆ ಇರುತ್ತಾಳೆ.

ಒಳ್ಳೆಯ ಸುದ್ದಿ ಏನಂದರೆ, ಗೆಳೆಯರ ಈ ಸೆಳೆತ ಎರಡೂ ಕಡೆಗೆ ಎಳೆಯುತ್ತೆ. 2022ರ ಜನವರಿ 3ರಂದು 15ರಿಂದ 18 ವರ್ಷದವರಿಗೆ ಲಸಿಕೆ ಶುರುವಾಯಿತಲ್ಲ, ಆಗ ಶಾಲೆ ಕಾಲೇಜುಗಳಲ್ಲೇ ಹಾಕಿಸಿದರು. ಮನೆಯಲ್ಲಿ ‘ನಂಗೆ ಸೂಜಿ ಬೇಡ’ ಅಂದಿದ್ದ ಮಕ್ಕಳು ಇಡೀ ತರಗತಿ ಸಾಲಿನಲ್ಲಿ ನಿಂತಾಗ ತಾವೂ ಅಂಗಿ ತೋಳು ಮಡಿಸಿಕೊಂಡು ನಿಂತರು. ಹಾಕಿಸಿಕೊಂಡ ಮೇಲೆ ತೋಳಿನ ಹತ್ತಿಯನ್ನು ಒಬ್ಬರಿಗೊಬ್ಬರು ತೋರಿಸಿ ಫೋಟೊ ತೆಗೆದುಕೊಂಡರು. ಅಲ್ಲಿ ಹಾಕಿಸಿಕೊಳ್ಳದವನೇ ಒಂಟಿ.

ಅಮೆರಿಕದ ನ್ಯೂಜೆರ್ಸಿಯ 56 ಶಾಲೆಗಳಲ್ಲಿ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದು ಕಾಯಿಲೆಯ ಬಗ್ಗೆ ಅಲ್ಲ, ಮಕ್ಕಳ ಹೊಡೆದಾಟ ಬಡಿದಾಟದ ಬಗ್ಗೆ. ಕೆಲವು ಶಾಲೆಗಳಲ್ಲಿ ಸ್ವಲ್ಪ ಮಕ್ಕಳ ಕೈಗೆ ಕೆಲಸ ಕೊಟ್ಟರು: ಇಲ್ಲಿ ಏನು ಬದಲಾಗಬೇಕು, ಹೇಗೆ ಹೇಳಬೇಕು, ನೀವೇ ಮಾಡಿ ಅಂತ. ಆ ಶಾಲೆಗಳಲ್ಲಿ ಜಗಳದ ದೂರುಗಳು ಚೆನ್ನಾಗಿಯೇ ಇಳಿದವು. ಗುಂಪಿನಲ್ಲಿ ಎಲ್ಲರ ಜೊತೆ ಒಡನಾಟ ಇರುವ ಮಕ್ಕಳು ಹೆಚ್ಚಾಗಿ ಇದ್ದ ಕಡೆ ಇನ್ನೂ ಚೆನ್ನಾಗಿ ಇಳಿದವು. ನಮ್ಮ ಕಾಲೇಜುಗಳು ಇಂಥ ಕೆಲಸಕ್ಕೆ ಯಾವಾಗಲೂ ಫಸ್ಟ್ ರ‍್ಯಾಂಕಿನವರನ್ನೇ ಆರಿಸುತ್ತವೆ. ಅದು ತಪ್ಪು ಅಂತ ನನ್ನ ಖಚಿತ ಅಭಿಪ್ರಾಯ. ಕ್ಯಾಂಟೀನ್‌ನಲ್ಲಿ ಯಾರ ಸುತ್ತ ಜನ ಸೇರುತ್ತಾರೋ, ಯಾರ ಜಡೆ, ಯಾರ ಬ್ಯಾಗು ನೋಡಿ ಉಳಿದವರು ತಾವೂ ಹಾಗೇ ಮಾಡುತ್ತಾರೋ, ಅವಳು ಮಾಸ್ಕ್ ಹಾಕಿಕೊಂಡು ಬಂದರೆ ವಾರದೊಳಗೆ ಅರ್ಧ ತರಗತಿ ಹಾಕುತ್ತೆ.

ಇಷ್ಟು ದೊಡ್ಡದು ನಿಮ್ಮ ಕೈಲಿ ಆಗುವುದಿಲ್ಲ, ನಿಜ. ಆದರೆ ಸಕಲೇಶಪುರದ ಬಸ್ಸು ಹತ್ತುವ ಅವಳ ಜೊತೆಯವರು ಇಬ್ಬರೋ ಮೂವರೋ ಇರುತ್ತಾರಲ್ವಾ? ಆ ತಾಯಂದಿರ ಹತ್ತಿರ ಒಂದು ಮಾತು ಆಡಿ. ಅವರ ಮನೆಯಲ್ಲೂ ಅಜ್ಜಿಯೋ ತಾತನೋ ಇರುತ್ತಾರೆ. ಮೂವರು ಒಟ್ಟಿಗೆ ಹಾಕಿದರೆ ಯಾರೂ ನಗುವುದಿಲ್ಲ. ಒಬ್ಬಳೇ ಇದ್ದರೆ ನಾಚಿಕೆ, ಮೂವರಾದರೆ ಅದೇ ಒಂದು ಗುಂಪು.

ಈಗ ನನಗೆ ಅತಿ ಮುಖ್ಯ ಅನ್ನಿಸುವ ವಿಷಯ. 2020ರಲ್ಲಿ, ಕೊರೊನಾದ ಮೊದಲ ತಿಂಗಳಲ್ಲೇ, ಅಮೆರಿಕದಲ್ಲಿ ಸುಮಾರು 700 ಹದಿಹರೆಯದವರನ್ನು ಕೇಳಿದರು: ನೀವು ಜನರಿಂದ ದೂರ ಇರುತ್ತಿದ್ದೀರಲ್ಲ, ಯಾಕೆ? ಅತಿ ಹೆಚ್ಚು ಮಕ್ಕಳು ಕೊಟ್ಟ ಕಾರಣ ‘ನನಗೆ ಬರಬಾರದು’ ಅನ್ನುವುದಾಗಿರಲಿಲ್ಲ. ‘ಇದು ನನ್ನ ಸಾಮಾಜಿಕ ಜವಾಬ್ದಾರಿ’, ‘ಬೇರೆಯವರಿಗೆ ನನ್ನಿಂದ ಕಾಯಿಲೆ ಬರಬಾರದು’, ಇವೆರಡೇ ಮುಂದಿದ್ದವು. ಈ ವಯಸ್ಸಿನವರನ್ನು ನಾವು ಸ್ವಾರ್ಥಿಗಳು ಅಂತ ಬೈಯುತ್ತೇವೆ. ನಾನು ಕಂಡ ಮಟ್ಟಿಗೆ ನ್ಯಾಯ ಅನ್ಯಾಯದ ವಿಷಯದಲ್ಲಿ, ಕೈಲಾಗದವರ ವಿಷಯದಲ್ಲಿ ಇವರಷ್ಟು ಬೇಗ ಕರಗುವವರು ಇಲ್ಲ.

2021ರ ಎರಡನೇ ಅಲೆಯಲ್ಲಿ ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ಕೆಲಸಗಾರರು ಇರುವ ಲೈನ್ ಮನೆಗೆ ಹೋಗಿದ್ದೆ. ಎರಡು ಕೋಣೆ, ಐದು ಜನ. ತಾತನಿಗೆ ಪಾಸಿಟಿವ್. ಅಪ್ಪ ಅಮ್ಮ ಇಬ್ಬರಿಗೂ ಜ್ವರ. ಮನೆ ನಡೆಸುತ್ತಿದ್ದವಳು ಒಂಬತ್ತನೇ ತರಗತಿಯ ಹುಡುಗಿ. ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಗೆ ಸ್ಕೇಲಿಟ್ಟು ಗೆರೆ ಎಳೆದಿದ್ದಳು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮೂರು ಕಲಂ. ಆಶಾ ಕಾರ್ಯಕರ್ತೆ ಕೊಟ್ಟ ಆಕ್ಸಿಮೀಟರ್, ಅಂದರೆ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಸಾಧನ, ಅವಳ ಲಂಗದ ಜೇಬಿನಲ್ಲಿತ್ತು. ಅಳೆಯುವ ಮುಂಚೆ ತಾತನ ಕೈಯನ್ನು ತನ್ನ ಎರಡೂ ಅಂಗೈಯಲ್ಲಿ ಹಿಡಿದು ಉಜ್ಜಿ ಬಿಸಿ ಮಾಡುತ್ತಿದ್ದಳು. ಮಲೆನಾಡಿನ ಚಳಿಗೆ ಬೆರಳು ತಣ್ಣಗಿದ್ದರೆ ಸಂಖ್ಯೆ ಸರಿಯಾಗಿ ಬರುವುದಿಲ್ಲ ಅಂತ ಆಶಾ ಅಕ್ಕ ಒಂದು ಸಲ ಹೇಳಿದ್ದರಂತೆ. ಮಾಸ್ಕಿನ ತಂತಿಯನ್ನು ಮೂಗಿನ ಮೇಲೆ ಒತ್ತಿ ಕೂರಿಸಿಕೊಂಡಿದ್ದಳು. ಬಾಗಿಲಲ್ಲಿ ಬಕೆಟ್ ನೀರು, ಸೋಪು. ನನಗೂ ‘ಸಾರ್, ಕೈ ತೊಳೀರಿ’ ಅಂದಳು. 94ಕ್ಕಿಂತ ಕೆಳಗೆ ಬಂದರೆ ಫೋನ್ ಮಾಡು ಅಂತ ಹೇಳಿದ್ದರು. ಬಂದ ದಿನ ಮಾಡಿದ್ದಳು. ತಾತ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಹೋದರು, ಉಳಿದರು.

ಆ ಹುಡುಗಿಗೆ ಯಾರೂ ಮಾಸ್ಕ್ ಹಾಕು ಅಂತ ಹಿಂದೆ ಬಿದ್ದಿರಲಿಲ್ಲ. ಅವಳ ಕೈಗೆ ಒಬ್ಬ ಮನುಷ್ಯನ ಹೊಣೆ ಬಂದಿತ್ತು, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹೊಣೆ ಕೊಡುವುದು ಬೇರೆ, ಪಾಪ ಹೊರಿಸುವುದು ಬೇರೆ. ‘ಅಜ್ಜಿಗೆ ಏನಾದರೂ ಆದರೆ ಅದು ನಿನ್ನಿಂದಲೇ’ ಅನ್ನುವ ಮಾತು ದಯವಿಟ್ಟು ಆಡಬೇಡಿ. ಎಷ್ಟೇ ಹುಷಾರಾಗಿದ್ದರೂ ಕಾಯಿಲೆ ಮನೆಗೆ ಬರಬಹುದು. ಎರಡನೇ ಅಲೆಯಲ್ಲಿ ಮನೆಯ ಹಿರಿಯರನ್ನು ಕಳೆದುಕೊಂಡು, ನಾನೇ ತಂದೆನೇನೋ ಅಂತ ಒಳಗೊಳಗೇ ಕೊರಗಿದ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಆ ಭಾರ ಯಾವ ಮಗುವಿಗೂ ಬರಬಾರದು. ‘ಅಜ್ಜಿಯನ್ನು ನೋಡಿಕೊಳ್ಳೋಕೆ ನೀನು ನನ್ನ ಜೊತೆ ಇರು’ ಅಂದು ನೋಡಿ. ಅದು ಮಗಳಿಗೆ ಬೇರೆ ಥರಾನೇ ಕೇಳಿಸುತ್ತೆ.

ಮುಂದಿನದು ನಮಗೆಲ್ಲ ಸ್ವಲ್ಪ ಕಷ್ಟದ ಮಾತು. ಮಕ್ಕಳು ನಾವು ಹೇಳಿದ್ದಕ್ಕಿಂತ ನಾವು ಮಾಡಿದ್ದನ್ನು ಜಾಸ್ತಿ ನೋಡುತ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆ ಇದೆಯಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗು ಕಚ್ಚಿ ಬರುವ ಜ್ವರ ಅದು. ಕಾಡಿಗೆ ಹೋಗುವಾಗ ಕೈ ಕಾಲಿಗೆ ಹಚ್ಚಿಕೊಳ್ಳೋಕೆ ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಕೊಡುತ್ತಾರೆ. ಸೊಪ್ಪು, ದರಗಲು (ಒಣಗಿದ ಎಲೆ) ತರೋಕೆ ಹೊರಟಾಗ ಅಪ್ಪ ಮರೆಯದೆ ಎಣ್ಣೆ ಹಚ್ಚುವ ಮನೆಯಲ್ಲಿ ಮಗನೂ ಹಚ್ಚುತ್ತಾನೆ. ಅಪ್ಪ ಬಾಟಲಿಯನ್ನು ಅಟ್ಟದ ಮೇಲಿಟ್ಟ ಮನೆಯಲ್ಲಿ ಮಗನಿಗೆ ಎಷ್ಟು ಭಾಷಣ ಮಾಡಿದರೂ ಅಷ್ಟೇ.

ಕೊರೊನಾ ಕಾಲದಲ್ಲಿ ನಾವು ದೊಡ್ಡವರು ಏನು ಮಾಡಿದೆವು? ಮಕ್ಕಳಿಗೆ ಆಟ ಬೇಡ ಅಂದೆವು, ನೆಂಟರ ಮದುವೆಗೆ ಹೋದೆವು. ‘ನಮ್ಮವರೇ ಅಲ್ವಾ’ ಅಂತ ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಊಟಕ್ಕೆ ಕೂತೆವು. 2020ರ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಮನೆ ಮನೆಗೆ ಗುಂಪಾಗಿ ಪ್ರಚಾರಕ್ಕೆ ಬಂದರು. ಮಕ್ಕಳಿಗೆ ಶಾಲೆ ಬಾಗಿಲು ತೆಗೆದದ್ದು 2021ರ ಜನವರಿ 1ಕ್ಕೆ, ಅದೂ ಮೊದಲು ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಯವರಿಗೆ. ಮಾಸ್ಕ್ ದಂಡದ ಕತೆಯೂ ಹಾಗೇ ಆಯಿತು. 2020ರ ಅಕ್ಟೋಬರ್ ಶುರುವಿನಲ್ಲಿ ನಗರಗಳಲ್ಲಿ 1000 ರೂಪಾಯಿ ಅಂದರು, ಸ್ವಲ್ಪ ದಿನದಲ್ಲೇ 250ಕ್ಕೆ ಇಳಿಸಿದರು. ಇದನ್ನೆಲ್ಲ ಒಬ್ಬ ಹದಿನೈದು ವರ್ಷದ ಹುಡುಗ ನೋಡುತ್ತಾನೆ. ‘ಚುನಾವಣೆಗೆ ಬರದ ಕಾಯಿಲೆ ನನ್ನ ಕ್ರಿಕೆಟ್‌ಗೆ ಮಾತ್ರ ಬರುತ್ತಾ?’ ಅಂತ ಕೇಳುತ್ತಾನೆ. ಅದು ಉದ್ಧಟತನ ಅಲ್ಲ. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಿಯಮ ಎಲ್ಲರಿಗೂ ಒಂದೇ ಅನ್ನಿಸಿದರೆ ಮಕ್ಕಳು ಕಷ್ಟದ ನಿಯಮವನ್ನೂ ಪಾಲಿಸುತ್ತಾರೆ. ತಮಗೆ ಮಾತ್ರ ಅನ್ನಿಸಿದ ದಿನ ಬಿಟ್ಟುಬಿಡುತ್ತಾರೆ.

ಹಾಗೇ, ಮಾಡೋಕೆ ಆಗುತ್ತಾ ಇಲ್ಲವಾ ಅನ್ನುವುದನ್ನೂ ನೋಡಬೇಕು. ಎಷ್ಟೋ ಸಲ ಮಕ್ಕಳು ಹಟದಿಂದಲ್ಲ, ದಾರಿ ಇಲ್ಲದೆ ಬಿಡುತ್ತಾರೆ. 2020ರಲ್ಲಿ ಆನ್‌ಲೈನ್ ಪಾಠ ಶುರುವಾದಾಗ ನಮ್ಮ ಮಲೆನಾಡಿನಲ್ಲಿ ಎಷ್ಟು ಹಳ್ಳಿಗೆ ನೆಟ್‌ವರ್ಕ್ ಇತ್ತು? ಗುಡ್ಡದ ಮೇಲೆ ಒಂದು ಜಾಗದಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುತ್ತಿತ್ತು. ಊರಿನ ಮಕ್ಕಳೆಲ್ಲ ಅಲ್ಲೇ, ಮಳೆಗೆ ಒಂದೇ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ. ಮೊಬೈಲ್‌ನಲ್ಲಿ ಮೇಷ್ಟ್ರು ‘ಅಂತರ ಕಾಪಾಡಿ’ ಅನ್ನುತ್ತಿದ್ದರು! ಆ ಮಕ್ಕಳು ಓದು ಬಿಡಬೇಕಿತ್ತಾ, ಅಂತರ ಬಿಡಬೇಕಿತ್ತಾ?

ಕೈ ತೊಳೆಯುವುದೂ ಅಷ್ಟೆ. ಕಾಲೇಜಿನ ನಲ್ಲಿಯಲ್ಲಿ ನೀರಿಲ್ಲ, ನೀರಿದ್ದರೆ ಸೋಪಿಲ್ಲ. ಕನ್ನಡಕ ಹಾಕುವ ಹುಡುಗಿಗೆ ಮಾಸ್ಕ್ ಹಾಕಿದರೆ ಗಾಜಿಗೆ ಹಬೆ ಕೂತು ಬೋರ್ಡೇ ಕಾಣುವುದಿಲ್ಲ. ಮೂಗಿನ ಮೇಲೆ ತಂತಿ ಇರುವ ಮಾಸ್ಕ್ ತಂದುಕೊಟ್ಟರೆ ಈ ತೊಂದರೆ ಬಹುಪಾಲು ಹೋಗುತ್ತೆ. ಮಗಳನ್ನು ಕೇಳಿ ನೋಡಿ, ‘ಯಾಕೆ ಹಾಕಲ್ಲ’ ಅಂತಲ್ಲ, ‘ಹಾಕಿದರೆ ಏನು ತೊಂದರೆ ಆಗುತ್ತೆ’ ಅಂತ. ಉತ್ತರ ಸಣ್ಣದಿರಬಹುದು, ಪರಿಹಾರವೂ ಸಣ್ಣದಿರಬಹುದು. ನನ್ನ ಕೈಲಿ ಇದು ಆಗುತ್ತೆ ಅನ್ನುವ ನಂಬಿಕೆ ಇಲ್ಲದಿದ್ದರೆ ಮನುಷ್ಯ ಶುರುವೇ ಮಾಡುವುದಿಲ್ಲ. ಆಲ್ಬರ್ಟ್ ಬಂಡೂರಾ ಎಂಬ ಮನೋವಿಜ್ಞಾನಿ 1977ರಲ್ಲೇ ಇದನ್ನು ವಿವರವಾಗಿ ಬರೆದರು.

ಮನೆಯಲ್ಲಿ ಮಾತಾಡುವ ರೀತಿಯ ಬಗ್ಗೆ ಒಂದು ವಿಷಯ. ಜೂಡಿತ್ ಸ್ಮೆಟಾನಾ ಎಂಬ ಸಂಶೋಧಕಿ ಹೆತ್ತವರು ಮತ್ತು ಹದಿಹರೆಯದ ಮಕ್ಕಳ ಜಗಳಗಳನ್ನು ಬಹಳ ವರ್ಷ ಅಭ್ಯಾಸ ಮಾಡಿದವರು. ಆರೋಗ್ಯ, ಸುರಕ್ಷತೆಯ ವಿಷಯದಲ್ಲಿ ಅಪ್ಪ ಅಮ್ಮ ನಿಯಮ ಹಾಕಬಹುದು ಅಂತ ಮಕ್ಕಳು ಸಾಕಷ್ಟು ಒಪ್ಪುತ್ತಾರೆ. ಬಟ್ಟೆ, ಕೂದಲು, ಗೆಳೆಯರು, ಇಷ್ಟದ ಹಾಡು ಇವುಗಳಲ್ಲಿ ಒಪ್ಪುವುದಿಲ್ಲ. ಅದು ತಮ್ಮದು ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಏನಾಗುತ್ತೆ ಅಂದರೆ, ಎರಡನ್ನೂ ಸೇರಿಸಿ ಬೈಯುತ್ತೇವೆ. ‘ಮಾಸ್ಕ್ ಹಾಕಲ್ಲ, ಯಾವಾಗ ನೋಡಿದರೂ ಮೊಬೈಲು, ಆ ಹುಡುಗಿ ಸಹವಾಸ ಬೇರೆ...’ ಅಂತ ಒಂದೇ ಉಸಿರಿಗೆ. ಅಲ್ಲಿಗೆ ಮಾಸ್ಕ್ ಕೂಡ ಅವಳ ಕಣ್ಣಲ್ಲಿ ಇನ್ನೊಂದು ಕಟ್ಟುಪಾಡು. ಮಾಸ್ಕಿನ ಮಾತು ಬಂದಾಗ ಮಾಸ್ಕಿನ ಮಾತು ಮಾತ್ರ ಆಡಿ. ಮೊಬೈಲಿನ ಜಗಳ ಇನ್ನೊಂದು ದಿನ ಆಡಬಹುದು.

ಕಾರಣ ಹೇಳುವಾಗ ಪೂರ್ತಿ ಹೇಳಿ. ಕೊರೊನಾ, ಫ್ಲೂ ಎರಡೂ ಉಸಿರಿನಿಂದ ಹರಡುತ್ತವೆ. ಜ್ವರ ಕೆಮ್ಮು ಶುರುವಾಗುವ ಒಂದೆರಡು ದಿನ ಮುಂಚೆಯೇ ಒಬ್ಬರಿಂದ ಒಬ್ಬರಿಗೆ ದಾಟಬಹುದು. ಹಾಗಾಗಿ ‘ನಂಗೇನೂ ಆಗಿಲ್ಲ’ ಅನ್ನುವ ಮಗಳೂ ಅಜ್ಜಿಗೆ ತಂದುಕೊಡಬಹುದು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಪಾಯ ಜಾಸ್ತಿ, ಬಯಲಲ್ಲಿ ಕಡಿಮೆ. ಇದು ತಿಳಿದ ಮಗುವಿಗೆ ಲೆಕ್ಕ ಹಾಕೋಕೆ ಬರುತ್ತೆ. ಗೆಳತಿಯ ಬರ್ತ್‌ಡೇಗೆ ಹೋಗಲೇಬೇಡ ಅಂದರೆ ಕದ್ದು ಹೋಗುತ್ತಾಳೆ. ‘ರೂಮಲ್ಲಿ ಬೇಡ, ಪಾರ್ಕಲ್ಲಿ ಮಾಡ್ಕೊಳ್ಳಿ’ ಅಂದರೆ ಒಪ್ಪುತ್ತಾಳೆ. ಗೆಳತಿಯರನ್ನು ನೋಡುವ ಆಸೆ ಈ ವಯಸ್ಸಿನಲ್ಲಿ ಅನ್ನ ನೀರಿನಷ್ಟೇ ಬೇಕಾದದ್ದು. ಪೂರ್ತಿ ತಡೆಯುವ ನಿಯಮ ಉಳಿಯುವುದಿಲ್ಲ. ದಾರಿ ತೋರಿಸುವ ನಿಯಮ ಉಳಿಯುತ್ತೆ.

ಇನ್ನು ಹಾರ್ಟ್ ಅಟ್ಯಾಕ್ ರೀಲ್ಸ್. ಇದನ್ನು ನಮ್ಮ ಹಾಸನದವರಿಗೆ ಬಿಡಿಸಿ ಹೇಳಲೇಬೇಕು. 2025ರ ಮೇ, ಜೂನ್ ತಿಂಗಳಲ್ಲಿ ಜಿಲ್ಲೆಯಲ್ಲಿ ಹೃದಯಾಘಾತದ ಸಾವಿನ ಸುದ್ದಿ ಒಂದರ ಹಿಂದೆ ಒಂದು ಬಂತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜನ ಗಾಬರಿಯಾಗಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಕೊರೊನಾ ಲಸಿಕೆಯೇ ಕಾರಣ ಅಂತ ವಾಟ್ಸಾಪ್ ತುಂಬಾ ಓಡಾಡಿತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿ ವರದಿ ಕೊಟ್ಟಿತು. ಚಿಕ್ಕ ವಯಸ್ಸಿನ ಹೃದಯ ಕಾಯಿಲೆಗೂ ಕೊರೊನಾ ಲಸಿಕೆಗೂ ಸಂಬಂಧ ಕಂಡುಬಂದಿಲ್ಲ ಅಂತ ಹೇಳಿತು. ಅದಕ್ಕೂ ಮುಂಚೆ, 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ ಹಲವು ಆಸ್ಪತ್ರೆಗಳಲ್ಲಿ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಪರೀಕ್ಷಿಸಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿಲ್ಲ, ಎರಡು ಡೋಸ್ ತೆಗೆದುಕೊಂಡವರಲ್ಲಿ ಕಡಿಮೆಯೇ ಇತ್ತು ಅಂತ ಕಂಡುಕೊಂಡಿತ್ತು. ಹಿಂದೆ ಕೊರೊನಾದಿಂದ ಆಸ್ಪತ್ರೆ ಸೇರಿದ್ದವರು, ಮನೆತನದಲ್ಲಿ ಹಠಾತ್ ಸಾವು ಇದ್ದವರು, ವಿಪರೀತ ಕುಡಿದವರು ಇವರಲ್ಲಿ ಅಪಾಯ ಜಾಸ್ತಿ ಇತ್ತು.

ಮಗಳಿಗೆ ಇನ್ನೂ ಒಂದು ಮಾತನ್ನು ಮುಚ್ಚಿಡದೆ ಹೇಳಿ. ಎಂಆರ್‌ಎನ್‌ಎ ಎಂಬ ಬಗೆಯ ಲಸಿಕೆಗಳಿಂದ, ಅದರಲ್ಲೂ ಹದಿಹರೆಯದ ಹುಡುಗರಲ್ಲಿ, ಬಹಳ ಅಪರೂಪಕ್ಕೆ ಹೃದಯದ ಸ್ನಾಯು ಊದಿಕೊಂಡದ್ದು ನಿಜ. ಹೊರದೇಶಗಳಲ್ಲಿ ಅದು ದಾಖಲಾಗಿದೆ. ನಮ್ಮಲ್ಲಿ 15ರಿಂದ 18 ವರ್ಷದವರಿಗೆ ಕೊಟ್ಟದ್ದು ಕೊವ್ಯಾಕ್ಸಿನ್, 12ರಿಂದ 14ರವರಿಗೆ 2022ರ ಮಾರ್ಚ್‌ನಿಂದ ಕೊಟ್ಟದ್ದು ಕಾರ್ಬೆವ್ಯಾಕ್ಸ್. ಎರಡೂ ಆ ಬಗೆಯವಲ್ಲ. ಇಷ್ಟು ಬಿಡಿಸಿ ಹೇಳಿದರೆ ಮಗಳು ನಿಮ್ಮನ್ನು ನಂಬುತ್ತಾಳೆ. ‘ಎಲ್ಲ ಸುಳ್ಳು, ಸುಮ್ನೆ ಹಾಕಿಸ್ಕೊ’ ಅಂದರೆ ರೀಲ್ಸ್ ಮಾಡುವವನನ್ನು ನಂಬುತ್ತಾಳೆ. ಪಿಡುಗಿನ ಕಾಲದಲ್ಲಿ ಮಕ್ಕಳು ಯಾರ ಮಾತು ಕೇಳುತ್ತಾರೆ ಅನ್ನುವುದು, ಪಿಡುಗು ಬರುವ ಮುಂಚೆ ಯಾರು ಅವರಿಗೆ ನಿಜ ಹೇಳಿದ್ದರು ಅನ್ನುವುದರ ಮೇಲೆ ನಿಂತಿದೆ. ಅದಕ್ಕೇ ಈಗಿನ ಈ ಸಣ್ಣ ಜ್ವರದ ಕಾಲವೇ ಒಳ್ಳೆಯ ಸಮಯ.

ಈ ಶನಿವಾರ ಅವಳು ಬಂದಾಗ ಹೀಗೆ ಮಾಡಿ. ಬಂದ ತಕ್ಷಣ ಶುರು ಮಾಡಬೇಡಿ. ಊಟ ಆಗಲಿ. ಆಮೇಲೆ ಅಜ್ಜಿಯ ಇನ್‌ಹೇಲರ್ ಅವಳ ಕೈಗೆ ಕೊಡಿ. ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸುವ ಕೊಳವೆ) ಇಟ್ಟು ಹೇಗೆ ಎಳೆಯಬೇಕು ಅಂತ ಅಜ್ಜಿಗೆ ತೋರಿಸುವುದು ಇನ್ನು ಮೇಲೆ ಅವಳ ಕೆಲಸ. ವಿಡಿಯೊ ನೋಡಿ ಕಲಿಯೋಕೆ ಅವಳಿಗೆ ನಿಮಗಿಂತ ಚೆನ್ನಾಗಿ ಬರುತ್ತೆ. ಆಮೇಲೆ ಕೇಳಿ: ‘ಹಾಸ್ಟೆಲ್ ಜ್ವರ ಅಜ್ಜಿಗೆ ಬರದ ಹಾಗೆ ನಾವು ಏನು ಮಾಡೋಣ, ನೀನೇ ಹೇಳು.’ ಅವಳು ಹೇಳಿದ್ದರಲ್ಲಿ ಎರಡನ್ನು ಒಪ್ಪಿಕೊಳ್ಳಿ, ನಿಮ್ಮದೊಂದು ಸೇರಿಸಿ. ಅವಳಿಗೆ ಕೆಮ್ಮು, ಗಂಟಲು ನೋವು ಇದ್ದರೆ ಆ ವಾರ ಮನೆಗೆ ಬರದೆ ಇರುವುದು, ಬಂದರೂ ಅಜ್ಜಿಯ ಕೋಣೆಗೆ ಮಾಸ್ಕ್ ಹಾಕಿಕೊಂಡು ಹೋಗುವುದು, ಕಿಟಕಿ ತೆಗೆದಿಡುವುದು, ಇಷ್ಟು ಸಾಕು. ನೀವು, ನಿಮ್ಮ ಯಜಮಾನರು, ದೊಡ್ಡ ಮಗ ಕೂಡ ಶೀತ ಆದಾಗ ಅದನ್ನೇ ಮಾಡಬೇಕು. ಬಸ್ಸಿನ ಮಾಸ್ಕ್ ವಿಷಯ ಅವಳ ಜೊತೆಯವರು ಒಪ್ಪಿದ ಮೇಲೆ ನೋಡೋಣ. ಮೊದಲ ವಾರವೇ ಎಲ್ಲ ಆಗಬೇಕು ಅಂತಿಲ್ಲ.

ಹಾಸ್ಟೆಲ್‌ನಲ್ಲಿ ಜ್ವರ ತುಂಬಾ ಮಕ್ಕಳಿಗೆ ಇದ್ದರೆ ವಾರ್ಡನ್‌ಗೆ ಒಂದು ಫೋನ್ ಮಾಡಿ. ಜ್ವರ ಬಂದವರಿಗೆ ಬೇರೆ ಕೋಣೆ, ನಲ್ಲಿ ಹತ್ತಿರ ಸೋಪು, ಇವೆರಡನ್ನು ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್ ಇರುತ್ತೆ, ಮಗಳು ಒಬ್ಬಳೇ ಹೋಗಿ ಮಾತಾಡಬಹುದು.

ಅತ್ತೆಯವರ ವಿಷಯ ಮರೆಯಬೇಡಿ. ಉಬ್ಬಸ ಇರುವ 78 ವರ್ಷದವರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಒಳ್ಳೆಯದು, ಮಳೆಗಾಲಕ್ಕೆ ಮುಂಚೆ ಹಾಕಿಸಿದರೆ ಇನ್ನೂ ಒಳ್ಳೆಯದು. ನಿಮ್ಮ ಡಾಕ್ಟರ ಹತ್ತಿರ ಈ ತಿಂಗಳೇ ಕೇಳಿ. ಅವರು ಚೆನ್ನಾಗಿರುವಾಗಲೇ ಆಕ್ಸಿಮೀಟರ್‌ನಲ್ಲಿ ಎಷ್ಟು ಬರುತ್ತೆ ಅಂತ ಮಗಳ ಕೈಲಿ ನಾಲ್ಕಾರು ಸಲ ನೋಡಿಸಿ, ಬರೆದಿಡಿ. ಜ್ವರದ ಜೊತೆ ಅದು 94ಕ್ಕಿಂತ ಕೆಳಗೆ ಬಂದರೆ, ಮಾತಾಡುವಾಗ ಒಂದು ವಾಕ್ಯ ಮುಗಿಸೋಕೆ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ ಅಥವಾ ಮಂಕಾಗಿ ಏನೇನೋ ಮಾತಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.